ಕ್ಯಾಮೆರಾ ಎಲ್ಲಿ ಕುಂತೈತಿ

ವಿಡಿಯೋ ಅಣ್ಣಾರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣು ಮುಚ್ಚಿದ ಅಭ್ಯಾಸ. ಚಹಾ ಕುಡಿಯುವಾಗಲೂ ಅದು ಪೂರ್ತಿ ತೆರೆಯುತ್ತಿರಲಿಲ್ಲ. ಎದುರಿಗೆ ನಿಂತವರಿಗೆ ತಮ್ಮ ಜೇಬಿನಲ್ಲಿ ಕದ್ದ ಮಾಲು ಇದೆಯೇನೋ ಅನ್ನಿಸಬೇಕು, ಹಾಗೆ ನೋಡುತ್ತಿದ್ದರು. ಬಳ್ಳಾರಿಯಲ್ಲಿ ನನ್ನ ಬ್ಯೂಟಿ ಪಾರ್ಲರಿನ ಪಕ್ಕದ ಮಳಿಗೆಯಲ್ಲಿ ಅವರು ಮದುವೆ ವಿಡಿಯೋ ಅಂಗಡಿ ತೆರೆದ ವಾರವೇ ನಾನು ಗಾಜಿನ ಬಾಗಿಲಿಗೆ ದಪ್ಪ ಪರದೆ ಹಾಕಿಸಿದೆ. ಹೆಂಗಸರು ಬಂದುಹೋಗುವ ಜಾಗ. ಅಂಥ ಕಣ್ಣನ್ನು ಯಾರು ನಂಬುತ್ತಾರೆ?

ಪರದೆ ನೋಡಿ ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಚಲೋ ಮಾಡ್ದಿ ತಂಗಿ. ಕ್ಯಾಮೆರಾ ಹಿಡಿಯೋರನ್ನ ನಂಬಬಾರ್ದು" ಅಂದರು. ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

ಅವರ ಊರು ಕುರುಗೋಡು. ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದರು. ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯ. ಬಾಯಲ್ಲಿ ಒಂದೇ ಸಿನಿಮಾ. ಹರೆಯದಲ್ಲಿ ನೋಡಿದ ಕಪ್ಪು ಬಿಳುಪಿನ ತೆಲುಗು ಕೊಲೆ ಚಿತ್ರ. ಅದರ ಹೆಸರನ್ನು ಅವರು ಹೇಳಿದಷ್ಟು ಸಲವೂ ನಾನು ಮರೆತೆ, ಆ ಒಂದು ದೃಶ್ಯ ಮಾತ್ರ ನನಗೂ ಬಾಯಿಪಾಠವಾಯಿತು. ಕೊಲೆ ನಡೆದ ಮನೆಯ ಪಡಸಾಲೆ ದಾಟಿ ಒಬ್ಬ ಬಡ ಗುಮಾಸ್ತ ತನ್ನ ಕೊಡೆ ತೆಗೆದುಕೊಳ್ಳುತ್ತಾನೆ, ಅಷ್ಟೇ. ಆದರೆ ಅದರ ಕ್ಯಾಮೆರಾಮನ್ ನೆಲ ಅಗೆದು, ಕ್ಯಾಮೆರಾ ಒಳಗಿಳಿಸಿ, ಮೇಲೆ ದಪ್ಪ ಗಾಜು ಹಾಸಿದ್ದನಂತೆ. ಗುಮಾಸ್ತನ ಅಂಗಾಲು ನೋಡುವವರ ಮುಖದ ಮೇಲೇ ಬಂದು ನಿಲ್ಲುತ್ತದೆ. ಕೈ ಕೊಡೆಯ ಕಡೆ ನಿಧಾನಕ್ಕೆ ಇಳಿಯುತ್ತದೆ. ಸಂಗೀತವಿಲ್ಲ, ಗಡಿಯಾರದ ಸದ್ದು ಮಾತ್ರ.

"ಇಡೀ ಥೇಟರು 'ಹಿಡೀರಲೇ ಅವನ್ನ' ಅಂತ ಒದರ್ತು. ನಾನೂ ಒದರಿದೆ. ಕೊಲಿ ಮಾಡ್ದವ ಡಾಕ್ಟ್ರು! ಅವ ಮೊದಲಿಂದ ಕೊನೀತನಕ ಬೆಳಕಿನ್ಯಾಗ ನಕ್ಕೋತ ಕುಂತಿದ್ದ" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಕೊಲಿಗಾರ ಯಾರಂತ ಕೇಳಬ್ಯಾಡ ತಂಗಿ. ಕ್ಯಾಮೆರಾ ಎಲ್ಲಿ ಕುಂತೈತಿ ಅಂತ ಕೇಳು" ಅನ್ನುತ್ತಿದ್ದರು.

ಬರೀ ಮಾತಿನಲ್ಲಿದ್ದರೆ ನಡೆಯುತ್ತಿತ್ತು, ಆ ಹುಚ್ಚು ಅವರ ಮದುವೆ ವಿಡಿಯೋಗಳಿಗೂ ಹತ್ತಿತು. ಬೀಗರು ಚಹಾ ಕುಡಿಯುವುದನ್ನು ಗಾಜಿನ ಟೀಪಾಯಿಯ ಕೆಳಗೆ ಮಲಗಿ ತೆಗೆಯುತ್ತಿದ್ದರು. ತಾಳಿ ಕಟ್ಟುವ ವರನ ಎರಡು ಕೈ ಮಾತ್ರ ಕತ್ತಿನ ಹಿಂದಿನಿಂದ ಬರುವಂತೆ ತೋರಿಸಿದರೆ ಹೆಣ್ಣಿನ ತಾಯಿಯ ಎದೆ ಝಲ್ಲೆನ್ನುತ್ತಿತ್ತು. "ಮದ್ವಿ ತಗೀ ಅಂದ್ರ ಕೊಲಿ ಪಿಕ್ಚರ್ ತಗದಾನ" ಎಂದು ಮೋಕಾ ಊರಿನ ಗಿರಾಕಿಯೊಬ್ಬರು ಅಂಗಡಿ ಮುಂದೆ ರಂಪ ಮಾಡಿದ್ದರು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಆ ಕ್ಯಾಮೆರಾ ನನ್ನ ಕಡೆ ತಿರುಗುವ ತನಕ ನಗು ಸುಲಭವೇ.

ಸಿರುಗುಪ್ಪದ ಅಕ್ಕಿ ವ್ಯಾಪಾರಿಯೊಬ್ಬರ ಮಗಳ ಮದುವೆ. ಅಲಂಕಾರ ನನ್ನದು, ವಿಡಿಯೋ ಅಣ್ಣಾರದು. ಮುಗಿದ ಮೂರನೇ ದಿನ ಇಬ್ಬರಿಗೂ ಫೋನು ಬಂತು. ಮದುಮಗಳ ಬಂಗಾರದ ಜುಮುಕಿ ಕಾಣೆಯಾಗಿದೆ, ತೆಗೆದ ವಿಡಿಯೋ ಸಮೇತ ಬರಬೇಕು.

ಪಡಸಾಲೆಯ ದೊಡ್ಡ ಟಿವಿಯಲ್ಲಿ ಹಾಕಿದರು. ಅದೇ ಮನೆಯಲ್ಲಿ ನಾನು ಅಲಂಕಾರ ಮಾಡಿದ ಮೇಜಿಗೆ ಗಾಜಿನ ಹಲಗೆ ಇತ್ತು. ಅಣ್ಣಾರು ಅದರ ಕೆಳಗಿನಿಂದ ತೆಗೆದು, ಸದ್ದು ಅಳಿಸಿ, ನಿಧಾನ ಮಾಡಿ, ಆಗಲೇ ಜೋಡಿಸಿಟ್ಟಿದ್ದರು. ನನ್ನ ಕೈ ರಾಕ್ಷಸಿಯ ಕೈಯಂತೆ ದೊಡ್ಡದಾಗಿ ಬಂದು ಒಡವೆ ಪೆಟ್ಟಿಗೆಯ ಮೇಲೆ ತಡೆದು ನಿಂತಿತು. ಒಳಗಿಳಿಯಿತು. ಆಮೇಲೆ ನನ್ನ ಮುಖ ಬಾಗಿಲ ಕಡೆ ತಟ್ಟನೆ ತಿರುಗಿತು. ನಾನು ತೆಗೆದದ್ದು ಸೇಫ್ಟಿ ಪಿನ್ನು. ಬಾಗಿಲಲ್ಲಿ ಯಾರೋ ಚಹಾ ಬೇಕೇನು ಎಂದು ಕೇಳಿದ್ದರು. ಅವರು ಚಿತ್ರದಲ್ಲಿ ಇರಲಿಲ್ಲ, ಅವರ ದನಿಯೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೇ ನನ್ನ ಮೇಲೆ ಅನುಮಾನ ಬಂತು.

"ಇನ್ನೇನು ಕೇಳೋದೈತಿ? ಪೊಲೀಸರನ್ನ ಕರೀರಿ" ಅಂದರು ಯಜಮಾನರ ಅಕ್ಕ.

ಮೈಮೇಲೆ ಬಂಗಾರ ಹಾಕಿಕೊಂಡ ಹೆಂಗಸರು ಕಣ್ಣು ಮುಚ್ಚಿ ನನ್ನ ಕೈಗೆ ಮುಖ ಕೊಡುವ ಕಸುಬು ನನ್ನದು. ಕಳ್ಳಿ ಅನ್ನಿಸಿಕೊಂಡರೆ ಅವತ್ತಿಗೇ ಅಂಗಡಿ ಬಾಗಿಲು ಹಾಕಬೇಕು. ಅಣ್ಣಾರನ್ನು ನೋಡಿದೆ. ಅವರು ಎಡಗಣ್ಣು ಅರ್ಧ ಮುಚ್ಚಿಕೊಂಡು ಟಿವಿಯನ್ನೇ ದಿಟ್ಟಿಸುತ್ತಿದ್ದರು. ಇವರೇ ಕದ್ದು ನನ್ನ ತಲೆಗೆ ಕಟ್ಟುತ್ತಿದ್ದಾರೋ ಏನೋ ಎಂಬ ಕೆಟ್ಟ ಯೋಚನೆಯೂ ಬಂದುಹೋಯಿತು.

ಆಮೇಲೆ ಅವರು ಎದ್ದರು. "ಅಕ್ಕಾರ, ಪೊಲೀಸ್ರು ಬಂದ್ರ ಪೆಟ್ಟಿಗಿ ಎಲ್ಲಿತ್ತು, ಹೆಂಗಿತ್ತು ಅಂತ ಕೇಳ್ತಾರ. ನಿಮ್ಮಷ್ಟು ತಿಳದೋರು ಯಾರದಾರ? ಒಂದ್ ಸಲ ಕುಂತು ತೋರಿಸ್ರಿ."

ಅಕ್ಕ ಉತ್ಸಾಹದಿಂದಲೇ ಹೋಗಿ ಅದೇ ಮೇಜಿನ ಕನ್ನಡಿ ಮುಂದೆ ಕೂತರು. ಅಣ್ಣಾರು ಗಾಜಿನ ಕೆಳಗೆ ಕ್ಯಾಮೆರಾ ಇಟ್ಟು, ಪೆಟ್ಟಿಗೆಯಿಂದ ಒಂದು ಬಳೆ ತೆಗೆಯಿರಿ ಅಂದರು. ಕೈ ಇಳಿಯುವ ಹೊತ್ತಿಗೆ ಸರಿಯಾಗಿ "ಯಜಮಾನ್ರು ಬಂದ್ರು" ಅಂದರು. ಅಕ್ಕ ಬಾಗಿಲ ಕಡೆ ತಿರುಗಿದರು. ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದ ಕೆಲಸ. ಟಿವಿಯಲ್ಲಿ ಆ ಮನೆಯ ಹಿರಿಯ ಹೆಣ್ಣುಮಗಳು ತನ್ನದೇ ಮನೆಯ ಬಳೆ ಕದಿಯುತ್ತಿದ್ದಳು.

"ನಮ್ಮಕ್ಕನ್ನ ಕಳ್ಳಿ ಮಾಡ್ತಿಯೇನಲೇ?" ಯಜಮಾನರು ಮೇಲೆದ್ದರು.

"ನಾ ಮಾಡ್ಲಿಲ್ರಿ, ಕ್ಯಾಮೆರಾ ಮಾಡ್ತು. ಮೊನ್ನಿ ಈ ತಂಗೀನ ಮಾಡಿದ್ದೂ ಅದ. ಅದನ್ನ ಅಲ್ಲಿ ಇಟ್ಟಿದ್ದು ನನ್ನ ಹುಚ್ಚು. ತಪ್ಪು ನಂದ್ರೀ." ಅಷ್ಟು ಜನರ ಮುಂದೆ ಕೈಮುಗಿದು ನಿಂತರು.

ಪೊಲೀಸರ ಮಾತು ಅಲ್ಲಿಗೇ ನಿಂತಿತು. ಜುಮುಕಿ ಸಿಕ್ಕಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸಿರುಗುಪ್ಪದ ಕಡೆಯಿಂದ ಅಣ್ಣಾರಿಗೆ ಮತ್ತೆ ಒಂದು ಮದುವೆಯೂ ಬರಲಿಲ್ಲ. ಅವತ್ತಿನಿಂದ ಅವರು ಎಲ್ಲರಂತೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ ತೆಗೆಯತೊಡಗಿದರು. ಆ ವಿಡಿಯೋಗಳು ಸಪ್ಪಗಿರುತ್ತಿದ್ದವು. ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು ನನಗೆ.

ಊರೆಲ್ಲ ನನ್ನನ್ನು ಅನುಮಾನಿಸಿದರೂ ಅಣ್ಣಾರು ಒಂದು ಚೂರೂ ಅನುಮಾನಿಸಲಿಲ್ಲ ಎಂದು ನಾನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೆ. ಹೋದ ವರ್ಷ ಅವರು ಆಸ್ಪತ್ರೆ ಸೇರಿದಾಗ ಮೋಸಂಬಿ ಸುಲಿದು ಕೊಡುತ್ತಾ ಅವರಿಗೂ ಹೇಳಿದೆ.

"ಯಾರಂದ್ರು?" ಅಂದರು. "ಟಿವ್ಯಾಗ ನೋಡಿದ ಕೂಡ್ಲೆ, ಈಕಿ ಕದ್ದಾಳ ಅನ್ನಿಸ್ತು ನನಗ."

ನನ್ನ ಕೈ ನಿಂತಿತು.

"ತಗದಾವ ನಾನ. ಹತ್ತು ವರ್ಷ ನಿನ್ನ ನೋಡಿದಾವನೂ ನಾನ. ನನಗ ಹಂಗ ಅನ್ನಿಸಿದ್ರ, ಆ ಮಂದಿ ನಿನ್ನ ಬಿಡ್ತಾರೇನು? ಹೆದರಿಕಿ ಆತು ತಂಗಿ. ಅದಕ್ಕ ಎದ್ದೆ."

ಸಿಟ್ಟು ಬಂತು. ಹಣ್ಣನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆ ವಾರದಲ್ಲೇ ಅವರು ತೀರಿಕೊಂಡರು. ಕುರುಗೋಡಿಗೆ ಮಣ್ಣಿಗೆ ಹೋಗಿಬಂದೆ. ನನ್ನನ್ನು ನಂಬಿ ನನ್ನ ಪರ ಮಾತಾಡುವವರು ಈಗಲೂ ನಾಲ್ಕು ಜನ ಇದ್ದಾರೆ. ನಂಬದೇ ಹೋದ ಗಳಿಗೆಯಲ್ಲೂ ನನಗಾಗಿ ಕೈಮುಗಿದವರು ಅವರೊಬ್ಬರೇ.