ಬಂದ್ ಅಂದರೆ ಚಾಲೂ

ಕೆಲವು ತಿಂಗಳ ಹಿಂದೆ ನಾನು ಹಾಡುಹಗಲಲ್ಲಿ, ಹತ್ತು ಜನರ ಎದುರು, "ಹಾವು! ಹಾವು!" ಎಂದು ಕೂಗಿದೆ.

ಹಾವು ಇರಲಿಲ್ಲ.

ಇಲ್ಲ ಎಂಬುದು ಕೂಗುವಾಗಲೂ ಗೊತ್ತಿತ್ತು. ಆದರೂ ಕೂಗಿದೆ. ಅಂದಿನಿಂದ ನಾರಾಯಣಪೇಟೆಯಲ್ಲಿ ನನ್ನ ಹೆಸರು ಬದಲಾಗಿದೆ. ಹುಡುಗರು "ಹಾವಿನ ಮಾಸ್ತರ್ರು ಬಂದ್ರೋ" ಎನ್ನುತ್ತಾರೆ. ಅನ್ನಲಿ. ಆ ಕೂಗು ಹೊರಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೇನೆ. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಕೈ ನಿಂತುಬಿಡುತ್ತದೆ. ಹಿಂದೆ ಹುಡುಗರು ಕಿಸಕ್ಕನೆ ನಗುತ್ತಾರೆ.

ಬಿಡಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಊರಿನ ಅಂಚಿನಲ್ಲಿ ಒಂದು ಶೇಂಗಾ ಎಣ್ಣೆ ಗಿರಣಿ ಇದೆ. ಅದಕ್ಕೆ ಸ್ವಂತ ಎಂಜಿನ್ನು, ಸ್ವಂತ ಡೈನಮೋ. ಸಂಜೆ ಅಲ್ಲಿ ದೀಪ ಇರುತ್ತದೆ, ಹಾಗಾಗಿ ಪತ್ರಿಕೆ ಓದಲು ನಾನು ಅಲ್ಲಿಗೇ ಹೋಗುತ್ತೇನೆ. ಆ ದೀಪ, ಆ ತಂತಿ, ಆ ಡೈನಮೋ ಎಲ್ಲವನ್ನೂ ನೋಡಿಕೊಳ್ಳುವವನು ಇಮಾಮ್‌ಸಾಬ. ಐವತ್ತರ ಹತ್ತಿರದ ಮನುಷ್ಯ. ನಿಜಾಮರ ಕಾಲದಿಂದಲೂ ಅದೇ ಕೆಲಸ. ಅವನ ಕೈಕೆಳಗೆ ನರಸಪ್ಪ. ನೇಕಾರರ ಮನೆಯವನು, ಮದುವೆಯಾಗಿ ಎರಡು ಮಕ್ಕಳ ತಂದೆ, ಮಗ್ಗ ಬಿಟ್ಟು ತಂತಿ ಹಿಡಿದವನು. (ಅವನ ತಾಯಿಗೆ ಈ ವಿಷಯದಲ್ಲಿ ಇನ್ನೂ ಸಿಟ್ಟಿದೆ. "ರೇಷ್ಮಿ ಎಳಿ ಬಿಟ್ಟು ತಾಮ್ರದ ಎಳಿ ಹಿಡ್ದಾನ" ಎನ್ನುತ್ತಾಳೆ.)

ಸರ್ಕಾರ ಬದಲಾಯಿತಲ್ಲ, ಅದರ ಜೊತೆಗೆ ಕಾನೂನೂ ಬಂತು. ಪರೀಕ್ಷೆ ಪಾಸು ಮಾಡಿ ಪರ್ಮಿಟ್ ಪಡೆದವರು ಮಾತ್ರ ವಿದ್ಯುತ್ ಕೆಲಸ ಮಾಡಬೇಕು. ಗಿರಣಿ ಸಾವಕಾರರು ಇಬ್ಬರನ್ನೂ ಕರೆದು ಹೇಳಿಬಿಟ್ಟರು. "ನೋಡ್ರಪಾ, ನನಗ ನಿಮ್ಮ ಮ್ಯಾಲ ಭರೋಸಾ ಐತಿ. ಸರ್ಕಾರಕ್ಕಿಲ್ಲ. ಪರ್ಮಿಟ್ ತರ್ರಿ. ಇಲ್ಲಾಂದ್ರ ರಾಯಚೂರಿಂದ ಪರ್ಮಿಟ್ ಇದ್ದವ್ರನ್ನ ಕರಸಬೇಕಾಗತೈತಿ."

ನರಸಪ್ಪನಿಗೆ ವಾಪಸು ಹೋಗಲು ಮಗ್ಗವಿದೆ. ಇಮಾಮ್‌ಸಾಬನಿಗೆ ಏನಿದೆ? ಅವನ ಭಾವಮೈದುನ ಬೊಂಬಾಯಿಯ ಒಂದು ಗಿರಣಿಯಲ್ಲಿದ್ದಾನೆ, ಬಾ ಬಾ ಎಂದು ಕರೆಯುತ್ತಿದ್ದಾನೆ. ಹೋದರೆ ಸಂಸಾರ ಸಮೇತ ಹೋಗಬೇಕು. ಪೊಲೀಸ್ ಆ್ಯಕ್ಷನ್ನಿನ ಆ ಕೆಟ್ಟ ದಿನಗಳಲ್ಲಿ ನರಸಪ್ಪನ ಮನೆಯ ಮಗ್ಗದ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಅಡಗಿ ಕೂತಿದ್ದನೇ ಹೊರತು ಇಮಾಮ್‌ಸಾಬ ಊರು ಬಿಟ್ಟಿರಲಿಲ್ಲ. ಅಂಥವನು ಈಗ ಒಂದು ಪರೀಕ್ಷೆಗೆ ಹೆದರಿ ಊರು ಬಿಡಬೇಕೆ?

ಪರೀಕ್ಷೆ ಬಾಯಿಮಾತಿನದು, ಆದರೆ ಇಂಗ್ಲಿಷಿನಲ್ಲಿ. ಇಮಾಮ್‌ಸಾಬನಿಗೆ ಬರುವುದು ಉರ್ದು ಅಕ್ಷರ, ಕನ್ನಡ ಮಾತು. ನರಸಪ್ಪನಿಗೆ ತೆಲುಗು, ಕನ್ನಡ, ಸಂತೆಯ ಉರ್ದು. ಊರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಎಂದು ನನ್ನನ್ನು ಹಿಡಿದರು.

ನನ್ನ ಕಥೆಯೂ ಅಷ್ಟಕ್ಕಷ್ಟೇ. ಹೈದರಾಬಾದಿನ ಕಾಲೇಜಿನಲ್ಲಿ ನಾನು ವಿಜ್ಞಾನ ಓದಿದ್ದು ಉರ್ದುವಿನಲ್ಲಿ. ಕರೆಂಟು ಎಂದರೆ ನನಗೆ ಮೊದಲು ನೆನಪಾಗುವುದು 'ಬರ್ಖಿ ರೌ'. ಈಗ ಕ್ಲಾಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಸಿಟ್ಟು ಬಂದರೆ ಮಾತ್ರ ಇನ್ನೂ ಉರ್ದು.

ಇರಲಿ. ಒಂದು ಇಂಗ್ಲಿಷ್ ಗೈಡು ತರಿಸಿದೆವು. ಮಧ್ಯಾಹ್ನ ಗಿರಣಿಗೆ ಬಿಡುವು ಸಿಕ್ಕಾಗ ಪಾಠ. ನಾನು ಪ್ರಶ್ನೆ ಕೇಳುವವನು, ಅವರು ಉತ್ತರ ಒಪ್ಪಿಸುವವರು.

ಮೊದಲ ದಿನವೇ 'ಅರ್ಥ್' ಬಂತು. ಪ್ರತಿಯೊಂದು ಯಂತ್ರಕ್ಕೂ ಅರ್ಥ್ ಕೊಡಬೇಕು, ಅಂದರೆ ನೆಲಕ್ಕೆ ತಂತಿ ಇಳಿಸಬೇಕು ಎಂದೆ.

"ಅರ್ಥ ಇಲ್ಲದ ಯಂತ್ರ ಮುಟ್ಟಬಾರ್ದು, ಹೌದಲ್ರೀ?" ಎಂದ ನರಸಪ್ಪ.

"ಯಂತ್ರದ್ದು ಇರ್ಲಿ," ಎಂದ ಇಮಾಮ್‌ಸಾಬ, "ಈ ಕಾನೂನಿಗೆ ಅರ್ಥ ಎಲ್ಲಿ ಇಳಿಸ್ಯಾರ ಕೇಳು."

ಹೀಗೆ ನಗುನಗುತ್ತಲೇ ಫ್ಯೂಸು, ಮೀಟರು ಎಲ್ಲ ದಾಟಿದೆವು. ಆಮೇಲೆ ಬಂದವು ಎರಡು ಪುಟ್ಟ ಪದಗಳು. ಓಪನ್, ಕ್ಲೋಸ್ಡ್.

ನಮ್ಮ ಸೀಮೆಯಲ್ಲಿ ಅಂಗಡಿ ಬಂದ್, ಕಚೇರಿ ಬಂದ್, ನಳ ಬಂದ್. ಬಂದ್ ಎಂದರೆ ಮುಚ್ಚಿತು, ನಿಂತಿತು, ಮುಗಿಯಿತು. ದೀಪ ಬಂದ್ ಮಾಡು ಎಂದರೆ ಆರಿಸು. ಇಂಗ್ಲಿಷಿನ ಕ್ಲೋಸ್ಡ್‌ಗೆ ಬಂದ್ ಎನ್ನದೆ ಇನ್ನೇನೆನ್ನುತ್ತೀರಿ? ಆದರೆ ತಂತಿಯ ಲೋಕದಲ್ಲಿ ಸ್ವಿಚ್ಚು ಕ್ಲೋಸ್ ಆದರೆ ಕರೆಂಟು ಹರಿಯುತ್ತದೆ! ಓಪನ್ ಆದರೆ ನಿಲ್ಲುತ್ತದೆ!

"ಅಂದ್ರ ಬಂದ್ ಅಂದ್ರ ಚಾಲೂ?" ನರಸಪ್ಪನ ಕಣ್ಣು ದೊಡ್ಡದಾಯಿತು.

"ಪುಸ್ತಕದಲ್ಲಿ ಹಾಗೇ ಇದೆ."

"ಯಾವ ಪುಣ್ಯಾತ್ಮ ಬರ್ದಾನ್ರೀ ಇದನ್ನ? ಅವನ ಮನೀ ಬಾಗಲ ಬಂದ್ ಇದ್ರ ಒಳಗ ಹೋಗ್ತಾನೇನ್ರೀ?"

ಆದರೂ ಪರೀಕ್ಷೆ ಪರೀಕ್ಷೆಯೇ. ನರಸಪ್ಪ ಹಠ ಹಿಡಿದ. ಎಂಜಿನ್ನಿಗೆ ಎಣ್ಣೆ ಹಾಕುವಾಗ, ಚಹಾ ಕುಡಿಯುವಾಗ, ಬೀಡಿ ಹೊತ್ತಿಸುವಾಗ ಒಂದೇ ಜಪ. ಬಂದ್ ಅಂದ್ರ ಚಾಲೂ. ಬಂದ್ ಅಂದ್ರ ಚಾಲೂ. ಮನೆಯಲ್ಲಿ ಹೆಂಡತಿ "ಬಾಯಿ ಬಂದ್ ಮಾಡ್ರಿ ಸಾಕು" ಎಂದಾಗ ಇನ್ನಷ್ಟು ಜೋರಾಗಿ ಹೇಳಿದನಂತೆ.

ಆ ದಿನ ಕೈಕೆಲಸದ ತಾಲೀಮು. ಗಾಣ ನಿಂತಿದ್ದರೂ ಎಂಜಿನ್ನು, ಡೈನಮೋ ನಡೆದೇ ಇದ್ದವು. ಗಿರಣಿಯ ತೊಲೆಯ ಕೆಳಗೆ ದೀಪದ ಲೈನಿನಲ್ಲಿ ಒಂದು ಹಳೇ ಜೋಡಣೆ ಇತ್ತು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು. ಇಮಾಮ್‌ಸಾಬ ಏಣಿ ಹತ್ತಿದ. ಬಲ್ಬನ್ನು ಮೊದಲೇ ಕಳಚಿ ಇಟ್ಟಿದ್ದರು. ನರಸಪ್ಪ ಗೋಡೆಯ ಸ್ವಿಚ್ಚಿನ ಬಳಿ ನಿಂತ. ಹಳೆಯ ಮಾದರಿಯ ಸ್ವಿಚ್ಚು ಅದು. ಹಿಡಿ ಇರುವ ಎರಡು ತಾಮ್ರದ ಅಲಗು. ಒತ್ತಿದರೆ ಕಚ್ಚಿನಲ್ಲಿ ಕೂತು ಕರೆಂಟು ಹೋಗುತ್ತದೆ, ಎಳೆದರೆ ಬಿಟ್ಟುಕೊಳ್ಳುತ್ತದೆ. ಆಗ ಅದು ಬಿಟ್ಟುಕೊಂಡೇ ಇತ್ತು. ಎಲ್ಲ ಸರಿಯಾಗಿಯೇ ಇತ್ತು.

ಇಮಾಮ್‌ಸಾಬ ಹುಷಾರಿನ ಮನುಷ್ಯ. ಮೇಲೆ ನಿಂತು ತಂತಿಯ ಮೇಲಿನ ಟೇಪೆಲ್ಲ ಚಾಕುವಿನಿಂದ ಸುಲಿದ. ಬರಿಗೈಯಿಂದ ತಾಮ್ರ ಮುಟ್ಟುವ ಮೊದಲು ಇನ್ನೊಮ್ಮೆ ಖಾತ್ರಿ ಇರಲಿ ಎಂದು ಕೂಗಿದ.

"ನರಸ್ಯಾ, ಬಂದ್ ಮಾಡು."

"ಆತ್ರೀ ಚಾಚಾ, ಬಂದ್!" ಎಂದ ನರಸಪ್ಪ, ಒಳ್ಳೆಯ ವಿದ್ಯಾರ್ಥಿಯ ಹಾಗೆ. ಅಲಗನ್ನು ಒತ್ತಿದ. ಅದು ಟಕ್ ಎಂದು ಕಚ್ಚಿನಲ್ಲಿ ಕೂತಿತು.

ನಾನು ನೋಡಿದೆ. ಬಲ್ಬಿಲ್ಲ, ಹಾಗಾಗಿ ದೀಪ ಹೊತ್ತಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಆ ಟಕ್ ಮೇಲಿನವರೆಗೆ ಕೇಳಲಿಲ್ಲ. ಇಮಾಮ್‌ಸಾಬ ಚಾಕುವನ್ನು ಬಾಯಲ್ಲಿ ಕಚ್ಚಿಕೊಂಡು ಕೈ ಚಾಚಿದ. ಬೆವರಿಗೆ ಹೊಳೆಯುವ ಕೈ. ಆ ಕೈ ತಂತಿಯ ಕಡೆ ಹೋಗುತ್ತಿತ್ತು. ನಿಧಾನಕ್ಕೆ. ನನಗೆ ಈಗ ಅದು ಇನ್ನೂ ನಿಧಾನಕ್ಕೆ ಹೋಗುತ್ತದೆ.

ನೀವೇ ಹೇಳಿ, ನಾನು ಏನೆಂದು ಕೂಗಬೇಕಿತ್ತು?

ಬಂದ್ ಮಾಡು ಎನ್ನಲೇ? ಅವನು ಬಂದ್ ಮಾಡಿಯೇ ನಿಂತಿದ್ದಾನಲ್ಲ! ತೆಗಿ ಎನ್ನಲೇ? ಕೆಳಗಿರುವವನು ಸ್ವಿಚ್ಚು ತೆಗೆಯುವ ಮೊದಲು ಮೇಲಿರುವವನು ತಂತಿ ತೆಗೆಯಲು ಕೈ ಹಾಕುತ್ತಾನೆ. ಬಿಡು ಎನ್ನಲೇ? ಯಾರು, ಏನನ್ನು? ನಾಲ್ಕು ಭಾಷೆ ಬಲ್ಲ ನನ್ನ ಬಾಯಲ್ಲಿ ಒಂದೂ ಮಾತು ಇರಲಿಲ್ಲ.

"ಹಾವು! ಮ್ಯಾಲ ಹಾವು!"

ಎಲ್ಲಿಂದ ಬಂತೋ, ದೇವರಾಣೆ ನನಗೆ ಗೊತ್ತಿಲ್ಲ.

ಇಮಾಮ್‌ಸಾಬ ಕೈ ಎಳೆದುಕೊಂಡ. ಅಷ್ಟೇ ಅಲ್ಲ, ಚಾಕು ಉಗಿದು, ಏಣಿಯಿಂದ ಶೇಂಗಾ ಹೊಟ್ಟಿನ ರಾಶಿಯೊಳಗೆ ಹಾರಿಯೇ ಬಿಟ್ಟ. ನರಸಪ್ಪ ಬಡಿಗೆ ಹುಡುಕಿದ. ಅಂಗಳದಲ್ಲಿದ್ದ ಹಮಾಲರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬಂದರು. "ಎಲ್ಲೈತ್ರೀ? ನಾಗರೋ ಕೇರೆಯೋ?" ಎಲ್ಲರೂ ತೊಲೆ ನೋಡುತ್ತಿದ್ದಾರೆ. ನಾನು ಚೀಲದ ಮೇಲೆ ಕುಸಿದು ಕೂತು ಸ್ವಿಚ್ಚಿನ ಕಡೆ ಬೆರಳು ತೋರಿಸುತ್ತಿದ್ದೇನೆ.

ಮೊದಲು ನೋಡಿದವನು ನರಸಪ್ಪ. ಅಲಗು ಕಚ್ಚಿನಲ್ಲಿ ಕೂತಿತ್ತು. ಓಡಿಹೋಗಿ ಅದನ್ನು ಎಳೆದ. ಬಂದು ಹೊಟ್ಟಿನ ರಾಶಿಯ ಮುಂದೆ ಮಂಡಿಯೂರಿದ.

"ಚಾಚಾ, ನಾ ನಿಮ್ಮನ್ನ ಕೊಲ್ತಿದ್ನಲ್ರೀ!"

ಇಮಾಮ್‌ಸಾಬ ಗಡ್ಡದೊಳಗಿನ ಹೊಟ್ಟು ಕೊಡವಿಕೊಳ್ಳುತ್ತ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಅರೇ ಮಾಸ್ತರ್ರ, ಕಾಲೇಜಿನ್ಯಾಗ ಹಾವಿಗಿಂತ ಚಲೋ ಮಾತು ಕಲಿಸಲಿಲ್ಲೇನ್ರೀ ನಿಮಗ?"

ನಕ್ಕ. ನಗುತ್ತಲೇ ಹೊಟ್ಟಿನಲ್ಲಿ ಬಿದ್ದ ಚಾಕು ಹುಡುಕತೊಡಗಿದ.

ವಿಚಿತ್ರ ನೋಡಿ. ಪಾಠ ಶುರುವಾಗುವ ಮೊದಲು ಆ ಗಿರಣಿಯಲ್ಲಿ ಬಂದ್ ಎಂದರೆ ಬಂದ್. ಎಷ್ಟೋ ವರ್ಷ ಅವರಿಬ್ಬರೂ ಹಾಗೆಯೇ ಕೆಲಸ ಮಾಡಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಪೂರ್ತಿ ಕಲಿತ ಮೇಲೂ ಏನೂ ಆಗುವುದಿಲ್ಲ. ಅಪಾಯವೆಲ್ಲ ಇರುವುದು ಅರ್ಧ ಕಲಿತ ಹೊತ್ತಿನಲ್ಲಿ. ನಮ್ಮ ಇಡೀ ಹೈದರಾಬಾದ್ ಸಂಸ್ಥಾನ ಈಗ ಇರುವುದು ಅಲ್ಲೇ ಅಲ್ಲವೆ? ನನ್ನ ಮಾವ ಇನ್ನೂ ನಿಜಾಮರ ಹಳೇ ಫಸಲಿ ಲೆಕ್ಕದ ಬಹಮನ್ ತಿಂಗಳಲ್ಲಿದ್ದಾರೆ, ನಾನು ಡಿಸೆಂಬರಿನಲ್ಲಿದ್ದೇನೆ. ಇಬ್ಬರೂ ಒಂದೇ ಮದುವೆಗೆ ಬೇರೆ ಬೇರೆ ದಿನ ಹೊರಡುತ್ತೇವೆ. (ಹೋದ ಸಲ ಅವರು ಊಟ ಮುಗಿದ ಮೇಲೆ ತಲುಪಿದರು. ಸಿಟ್ಟು ನನ್ನ ಮೇಲೆ.)

ಸುದ್ದಿ ಇಮಾಮ್‌ಸಾಬನ ಮನೆಗೆ ಅವನಿಗಿಂತ ಮೊದಲೇ ಮುಟ್ಟಿತು. ಅವನ ಹೆಂಡತಿ ರಹೀಮಾಬಿ ಗಿರಣಿಗೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಪರೀಕ್ಷಾ ಬ್ಯಾಡ, ಪರ್ಮಿಟ್ಟೂ ಬ್ಯಾಡ. ಬೊಂಬಾಯಿಗೆ ಹೋಗೂಣು ನಡೀರಿ."

"ಬೊಂಬಾಯಿನ್ಯಾಗ ಕರಂಟ್ ಇಲ್ಲೇನ?" ಎಂದ ಗಂಡ.

"ಅಲ್ಲಿ ಈ ನರಸ್ಯಾ ಇಲ್ಲಲ್ಲ!"

ನರಸಪ್ಪ ತಲೆ ತಗ್ಗಿಸಿದ. ಯಾರ ಮನೆಯ ಕೋಣೆಯಲ್ಲಿ ಜೀವ ಉಳಿಸಿಕೊಂಡಿದ್ದಳೋ ಆ ಮನೆಯ ಮಗನಿಗೆ ಈ ಮಾತು. ಅವಳಿಗೂ ತಟ್ಟನೆ ಅದು ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಹೊರಟುಹೋದಳು.

ಮರುದಿನ ಪಾಠ ಇರಲಿಲ್ಲ. ಅದರ ಮರುದಿನ ಬೆಳಿಗ್ಗೆ ನರಸಪ್ಪ ನನ್ನ ಮನೆಗೆ ಬಂದ. ಅವನ ತಾಯಿ ಸೀರೆ ನೇಯುತ್ತಿದ್ದಳಂತೆ. ನಡುವೆ ಒಂದು ಎಳೆ ತುಂಡಾಯಿತು. "ಎಳಿ ಹರೀತು, ನಿಂದ್ರು" ಎಂದು ಮಗ್ಗ ನಿಲ್ಲಿಸಿದಳಂತೆ. ಗಂಟು ಹಾಕಿ, "ಕೂಡ್ತು, ನಡಿ" ಎಂದಳಂತೆ.

"ಮಾಸ್ತರ್ರ, ಎಳಿ ಕೂಡಿದ್ರ ಮಗ್ಗ ನಡೀತೈತಿ. ಹರದ್ರ ನಿಂದರ್ತೈತಿ. ಸ್ವಿಚ್ಚೂ ಅಷ್ಟ ಅಲ್ರೀ? ಬಂದ್ ಅನ್ನೋದ ಬ್ಯಾಡ. ಕ್ಲೋಸ್ಡ್ ಅಂದ್ರ ಎಳಿ ಕೂಡೈತಿ. ಓಪನ್ ಅಂದ್ರ ಎಳಿ ಹರದೈತಿ."

ನಾನು ಎದ್ದು ಅಂಗಿ ಹಾಕಿಕೊಂಡೆ. ಇಬ್ಬರೂ ನೆಟ್ಟಗೆ ರಹೀಮಾಬಿಯ ಮುಂದೆ ಹೋಗಿ ನಿಂತೆವು. ಅವಳು ಪೂರಾ ಕೇಳಿಸಿಕೊಂಡಳು. ಎರಡು ಸಲ ಹೇಳಿಸಿದಳು. ಆಮೇಲೆ ಗಂಡನಿಗೆ ಹೇಳಿದಳು.

"ಹೋಗ್ರಿ. ಆದ್ರ ನಾ ಬಂದು ಕುಂದರತೀನಿ."

ಕೂತೂ ಕೂತಳು! ಅಂದಿನಿಂದ ತಾಲೀಮಿನ ಹೊತ್ತಿಗೆ ಸ್ವಿಚ್ಚಿನ ಪಕ್ಕದಲ್ಲಿ ಒಂದು ಮಣೆ, ಅದರ ಮೇಲೆ ರಹೀಮಾಬಿ, ಮುಂದೆ ಮೊರದ ತುಂಬ ಅಕ್ಕಿ. ಅಕ್ಕಿ ಆರಿಸುತ್ತಲೇ ಕೇಳುತ್ತಾಳೆ.

"ಎಳಿ?"

"ಹರದೈತಿ ಚಾಚಿ."

"ಬಾಯಿಲೆ ಹೇಳಬ್ಯಾಡ, ತೋರ್ಸು."

ನರಸಪ್ಪ ಎರಡು ಕೈಯ ತೋರುಬೆರಳು ಬಿಡಿಸಿ ತೋರಿಸಬೇಕು. ಕೂಡಿದ್ದರೆ ಕೊಕ್ಕೆ ಹಾಕಿ ತೋರಿಸಬೇಕು. ಆಮೇಲೆ ಅವಳೇ ಎದ್ದು ಅಲಗು ನೋಡಿ ಬರಬೇಕು. ಅಲ್ಲಿಯವರೆಗೆ ಇಮಾಮ್‌ಸಾಬ ಏಣಿಯ ಮೊದಲ ಮೆಟ್ಟಿಲೂ ಹತ್ತುವಂತಿಲ್ಲ. ಒಮ್ಮೆ ಗಿರಣಿ ಸಾವಕಾರರು ಬಂದು "ಇದೇನಮ್ಮ, ನಮ್ಮ ಗಿರಣ್ಯಾಗ ನೀನ ಇನ್ಸ್‌ಪೆಕ್ಟ್ರು ಆದಿ?" ಎಂದರು. "ಪಗಾರ ಕೊಡ್ರಿ ಮತ್ತ" ಎಂದಳು. ಸಾವಕಾರರು ಬಂದ ದಾರಿ ಹಿಡಿದರು.

ಪರೀಕ್ಷೆ ಗದ್ವಾಲದಲ್ಲಿ. ಮಖ್ತಲ್‌ವರೆಗೆ ಬಸ್ಸು, ಅಲ್ಲಿಂದ ಗಾಡಿ, ಆಮೇಲೆ ಹರಿಗೋಲಿನಲ್ಲಿ ಕೃಷ್ಣೆ ದಾಟಬೇಕು. ಹರಿಗೋಲು ಗಿರಗಿರ ತಿರುಗುವಾಗ ನಾನು ಕಣ್ಣು ಮುಚ್ಚಿಕೊಂಡು ಪ್ರಶ್ನೆ ಕೇಳಿದೆ, ಅವರು ಕಣ್ಣು ಮುಚ್ಚಿಕೊಂಡು ಉತ್ತರಿಸಿದರು. ಅಂಬಿಗ ನಮ್ಮನ್ನು ಯಾವುದೋ ಹೊಸ ಮಠದವರು ಎಂದುಕೊಂಡ.

ಪರೀಕ್ಷೆ ಮಾಡುವ ಅಧಿಕಾರಿ ಮದ್ರಾಸ್ ಕಡೆಯ ತೆಲುಗರು. ಇಸ್ತ್ರಿ ಕೆಡದ ಷರಟು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತು ಕೇಳಿಸಿಕೊಂಡೆ. ಇಬ್ಬರನ್ನೂ ಒಟ್ಟಿಗೇ ನಿಲ್ಲಿಸಿಕೊಂಡು ಫ್ಯೂಸು ಕೇಳಿದರು, ಅರ್ಥ್ ಕೇಳಿದರು. ಆಮೇಲೆ, ಎಲ್ಲ ಬಿಟ್ಟು, ಅದೇ. ಸ್ವಿಚ್ಚು ಕ್ಲೋಸ್ಡ್ ಇದೆ, ತಂತಿ ಮುಟ್ಟಬಹುದೋ?

ನನ್ನ ಕಣ್ಣ ಮುಂದೆ ಮತ್ತೆ ಆ ಕೈ ಚಾಚಿತು.

ಇಮಾಮ್‌ಸಾಬ ಎರಡು ತೋರುಬೆರಳನ್ನು ಕೊಕ್ಕೆ ಹಾಕಿ ಮುಖದ ಮುಂದೆ ಹಿಡಿದ. "ನೋ ಸರ್," ಎಂದ. "ಎಳಿ ಕೂಡೈತಿ."

ಅಧಿಕಾರಿ ಹುಬ್ಬು ಏರಿಸಿದರು. ಏನು ಹಾಗೆಂದರೆ? ನರಸಪ್ಪ ಮುಂದೆ ಬಂದು ಅವರದೇ ತೆಲುಗಿನಲ್ಲಿ ಹೇಳಿದ. "ದಾರಂ ಅತಿಕಿ ಉಂದಿ ಸಾರ್. ಪಟ್ಟುಕುಂಟೇ ಪ್ರಾಣಂ ಪೋತುಂದಿ." ದಾರ ಕೂಡಿದೆ, ಹಿಡಿದರೆ ಪ್ರಾಣ ಹೋಗುತ್ತದೆ. ಹೇಳುತ್ತ ಇಮಾಮ್‌ಸಾಬನ ತೋಳು ಹಿಡಿದುಕೊಂಡ. ಅಧಿಕಾರಿ ಪೆನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು. ಇಷ್ಟು ಕಳವಳದಿಂದ ಈ ಉತ್ತರ ಕೊಟ್ಟವರನ್ನು ಅವರು ಹಿಂದೆ ಕಂಡಿರಲಿಕ್ಕಿಲ್ಲ. ಮುಂದಿನ ಪ್ರಶ್ನೆ ಕೇಳಲಿಲ್ಲ.

ಮೊನ್ನೆ ಪರ್ಮಿಟ್ ಬಂದವು. ಇಬ್ಬರಿಗೂ. ರಹೀಮಾಬಿ ಬೊಂಬಾಯಿಯ ತಮ್ಮನಿಗೆ ಹೇಳಿ ಕಳಿಸಿದಳಂತೆ, ನೀನೇ ಬೇಕಾದರೆ ಇಲ್ಲಿಗೆ ಬಾ ಎಂದು. ಗಿರಣಿಯಲ್ಲಿ ಈಗ ಯಾರೂ ಬಂದ್ ಎನ್ನುವುದಿಲ್ಲ. ಹಮಾಲರು ಕೂಡ ಚಹಾ ಮುಗಿದರೆ "ಎಳಿ ಹರೀತ್ರೀ" ಎನ್ನುತ್ತಾರೆ.

ಸಾವಕಾರರ ಒಪ್ಪಿಗೆ ಪಡೆದು ಇಮಾಮ್‌ಸಾಬ ಗಿರಣಿಯಿಂದ ನಮ್ಮ ಮನೆಗೂ ಒಂದು ಲೈನು ಎಳೆದಿದ್ದಾನೆ. ಪರ್ಮಿಟ್ ಸಿಕ್ಕ ಮೇಲಿನ ಮೊದಲ ಕೆಲಸ, ಮಾಸ್ತರ್ರ ಮನೆಯದೇ ಆಗಬೇಕು ಎಂದು ಹಟ. ಒಂದು ಬಲ್ಬು, ಒಂದು ಗುಂಡಿ. "ಒತ್ರೀ ಮಾಸ್ತರ್ರ" ಎಂದ. ನಾನು ಕೈ ಚಾಚಿದೆ. ನನ್ನ ಕೈಯೂ ಬೆವರಿತ್ತು. ಗೋಡೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಇಮಾಮ್‌ಸಾಬನಿಗೆ ನನ್ನ ಹೆದರಿಕೆ ಗೊತ್ತಾಯಿತು ಅನ್ನಿಸುತ್ತದೆ. ಕೊನೆಗೆ ನನ್ನ ಹೆಂಡತಿ ಬಂದು "ಸರೀರಿ ಅತ್ಲಾಗ" ಎಂದು ಟಕ್ ಎನಿಸಿದಳು.

ಎಂಥ ಬೆಳಕು! ಕೋಣೆಯ ಮೂಲೆಗಳೆಲ್ಲ ಮೊದಲ ಸಲ ಕಾಣುತ್ತಿವೆ. ಅದರ ಕೆಳಗೇ ಕೂತು ನಿಮಗೆ ಇದನ್ನು ಬರೆಯುತ್ತಿದ್ದೇನೆ. ಬರೆದು ಮುಗಿಯಿತು. ಹೆಂಡತಿ ರಹೀಮಾಬಿಯ ಮನೆಗೆ ಹರಟೆಗೆ ಹೋದವಳು ಇನ್ನೂ ಬಂದಿಲ್ಲ.

ಈ ದೀಪವನ್ನು ಈಗ ಆರಿಸುವವರು ಯಾರು?