ವೈಪರಿಗೆ ಕಟ್ಟಿದ ಹಾರ

ನಮ್ಮ ಕಾರಿನ ಹಿಂದಿನ ವೈಪರ್ ಹರಿದದ್ದಕ್ಕೆ ನಾನು ಹಿರಿಯರೊಬ್ಬರನ್ನು ನಡುಬೀದಿಯಲ್ಲಿ ನಿಲ್ಲಿಸಿ ಬೈದಿದ್ದೇನೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ವಿಜಯನಗರದ ನಮ್ಮ ಕ್ರಾಸಿನಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಬಕೆಟ್ಟು ಹಿಡಿದು ಬಂದು ಕಾರು ಒರೆಸುತ್ತಿದ್ದರು. ನಮ್ಮದು, ಪಕ್ಕದ ಮನೆಯದು, ಎದುರು ಮನೆಯದು, ಒಟ್ಟು ಮೂರು ಕಾರು. ಮಾತು ಕಡಿಮೆ. ಕೆಲಸ ಮುಗಿಸಿ ಬಟ್ಟೆ ಹಿಂಡಿಕೊಂಡು ಹೊರಟುಬಿಡುವರು.

ಆ ವರ್ಷದ ಆಯುಧಪೂಜೆಗೆ ಕಾರಿನ ಮುಂದೆ ದೊಡ್ಡ ಹಾರ ಹಾಕಿದೆ. ಹಿಂದೆ ಬೋಳು ಬೋಳಾಗಿ ಕಂಡಿತು. ಸರಿ, ವೈಪರಿಗೂ ಚೆಂಡುಹೂವಿನ ಸಣ್ಣದೊಂದು ಹಾರ. ದಾರ ಜಾರುತ್ತಿತ್ತು. ನಾನು ಮಹಾ ಬುದ್ಧಿವಂತನಲ್ಲವೇ, ತೆಳು ತಂತಿ ಹುಡುಕಿ ತಂದು ಬಿಗಿಯಾಗಿ ಸುತ್ತಿದೆ. ನಾಲ್ಕು ದಿನಕ್ಕೆ ಹೂವು ಬಾಡಿತು. ಅವರು ಗೇಟಿನ ಹತ್ತಿರ ಬಂದು ಕೇಳಿದರು.

"ಸಾರ್, ಹಿಂದಿನ್ ಹಾರ ಬಿಚ್ಬಿಡ್ಲಾ?"

"ಪೂಜೆ ಮಾಡಿರೋದು, ಮುಟ್ಬೇಡಿ. ಅದಾಗೇ ಉದುರ್ಲಿ" ಎಂದೆ.

ಹೂವೇನೋ ಉದುರಿತು. ತಂತಿಯನ್ನು ನಾನು ಮರೆತೇಬಿಟ್ಟೆ.

ದೀಪಾವಳಿಯ ಹೊತ್ತಿಗೆ ಮಳೆ ಹಿಡಿಯಿತು. ಕೆಂಗೇರಿಯಿಂದ ವಾಪಸು ಬರುವಾಗ ಹಿಂದಿನ ವೈಪರ್ ಹಾಕಿದರೆ ಕರಕರ ಸದ್ದು. ಮನೆಗೆ ಬಂದು ನೋಡಿದೆ. ರಬ್ಬರು ಹರಿದು ಜೋತಾಡುತ್ತಿತ್ತು, ಗಾಜಿನ ಮೇಲೆ ಕಮಾನಿನ ಹಾಗೆ ಉದ್ದದ ಗೀರು. ಬಗ್ಗಿ ಸರಿಯಾಗಿ ನೋಡುವ ತಾಳ್ಮೆ ನನಗೆಲ್ಲಿತ್ತು? ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಮಾರನೆಯ ಬೆಳಿಗ್ಗೆ ಅವರು ಬಕೆಟ್ಟು ಇಡುವ ಮೊದಲೇ ಶುರು ಮಾಡಿದೆ.

"ಏನ್ರೀ, ಮಣ್ಣು ಮೆತ್ಕೊಂಡಿರೋ ಬಟ್ಟೇಲಿ ಉಜ್ಜಿ ಗಾಜೆಲ್ಲ ಹಾಳ್ ಮಾಡಿದ್ದೀರಲ್ಲ! ನಾಳೆಯಿಂದ ಬರ್ಬೇಡಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ. ನನ್ನ ಕೂಗಾಟ ಕೇಳಿದ ಅಕ್ಕಪಕ್ಕದವರಿಗೆ ಅಷ್ಟೇ ಸಾಕಾಯಿತು. ಆ ವಾರದಲ್ಲೇ ಉಳಿದ ಎರಡು ಮನೆಯವರೂ ಅವರನ್ನು ಕೆಲಸದಿಂದ ಬಿಡಿಸಿದರು.

ಹೊಸ ಬ್ಲೇಡು ತಂದದ್ದು ತಿಂಗಳ ಮೇಲೆ, ರಾಜಾಜಿನಗರದ ಒಂದು ಅಂಗಡಿಯಿಂದ. "ಕಡ್ಡಿ ಮೇಲಕ್ಕೆತ್ತಿ, ಬ್ಲೇಡ್ ತಿರುಗಿಸಿ ಎಳೀರಿ ಸಾರ್, ಬಂದ್ಬಿಡುತ್ತೆ. ನೀವೇ ಹಾಕ್ಕೋಬೋದು" ಎಂದರು ಅಂಗಡಿಯವರು. ಮನೆಯ ಮುಂದೆ ನಿಂತು ಹಾಗೇ ಮಾಡಿದೆ. ಹಳೆಯ ಬ್ಲೇಡು ಕೈಗೆ ಬಂತು. ಅದರ ಜೊತೆಗೆ ತುಕ್ಕು ಹಿಡಿದ ತಂತಿ. ಒಂದು ತುದಿ ರಬ್ಬರಿನೊಳಕ್ಕೆ ಹೊಕ್ಕು ಗಾಜಿನ ಕಡೆಗೆ ಚೂಪಾಗಿ ನಿಂತಿತ್ತು. ಇನ್ನೊಂದು ತುದಿಯಲ್ಲಿ ಒಣಗಿದ ಚೆಂಡುಹೂವಿನ ತೊಟ್ಟು.

ಯಾರೂ ನೋಡಿರಲಿಲ್ಲ, ಮೋರಿಗೆ ಎಸೆದರೆ ಮುಗಿಯಿತು ಎಂದು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಎಸೆಯಲಾಗಲಿಲ್ಲ. ಒಳಗೆ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ತಂತಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಬೈದಿದ್ದು ಬೀದೀಲಿ ತಾನೆ? ಹೋಗಿ, ಬೀದೀಲೇ ಹೇಳಿ."

ಪಕ್ಕದ ಮನೆ, ಎದುರು ಮನೆ ಎರಡಕ್ಕೂ ಹೋಗಿ ತಂತಿ ತೋರಿಸಿ ತಪ್ಪು ನನ್ನದೆಂದೆ. ಪಕ್ಕದವರು ಅಷ್ಟರಲ್ಲಿ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು. ಆ ಮನೆಯ ಕೆಲಸ ಹಿರಿಯರಿಗೆ ಮತ್ತೆ ಸಿಗಲಿಲ್ಲ.

ಅವರನ್ನು ಹುಡುಕಿದಾಗ ಎರಡು ಕ್ರಾಸ್ ಆಚೆ ಯಾರದೋ ಕಾರು ಒರೆಸುತ್ತಿದ್ದರು. ತಂತಿಯನ್ನು ಮುಂದೆ ಹಿಡಿದೆ. "ತಪ್ಪಾಯ್ತು, ಮತ್ತೆ ಬನ್ನಿ. ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳೋಕೆ ಬಂದೆ ಸಾರ್. ನೀವು ಗೇಟ್ ಹಾಕ್ಕೊಂಡ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಮತ್ತೆ ಬರುತ್ತಿದ್ದಾರೆ. ಕಾರನ್ನೆಲ್ಲ ಒರೆಸಿ ಹಿಂದಿನ ಗಾಜಿಗೆ ಬಂದಾಗ ಕೈ ನಿಲ್ಲಿಸುತ್ತಾರೆ. ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಗೇಟಿನ ಹತ್ತಿರ ಬಂದು ಕರೆಯುತ್ತಾರೆ.

"ಸಾರ್, ವೈಪರ್ ಮುಟ್ಲಾ?"

ಕೇಳಬೇಡಿ ಎಂದು ಎಷ್ಟೋ ಸಲ ಹೇಳಿದ್ದೇನೆ. ಆಯ್ತು ಸಾರ್ ಎನ್ನುತ್ತಾರೆ. ಮಾರನೆಯ ದಿನ ಮತ್ತೆ ಕೇಳುತ್ತಾರೆ.