ಬೂಷ್ಟು ಹಿಡಿದ ಹಾರ

"ಇದು ಪ್ರಶ್ನೆ ಕೇಳುವ ಹೊತ್ತಲ್ಲ" ಎಂದು ಯಾರಾದರೂ ಶುರು ಮಾಡಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಟೀವಿಯಲ್ಲಿ ಎಂಥ ದೊಡ್ಡ ನಾಯಕನೇ ಹೇಳಲಿ, ಯಾವ ದೇಶದವನೇ ಹೇಳಲಿ, ಇವನು ಯಾವ ಪ್ರಶ್ನೆಗೆ ಹೆದರಿದ್ದಾನೆ ಎಂದು ಹುಡುಕತೊಡಗುತ್ತೇನೆ. ಹೆಂಡತಿ ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾಳೆ. ಅನ್ನಲಿ. ಯುದ್ಧದ ಮಾತು ಹೇಗೆ ತಯಾರಾಗುತ್ತದೆಂದು ನನಗೆ ಗೊತ್ತು. ಒಂದನ್ನು ನಾನೇ ತಯಾರು ಮಾಡಿಕೊಟ್ಟಿದ್ದೇನೆ.

ನಾನು ದಬ್ಬೇಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಬಹಳ ವರ್ಷಗಳಿಂದ ಒಬ್ಬರೇ ಅಧ್ಯಕ್ಷರು. ಒಳ್ಳೆಯ ಮೈಕಟ್ಟು, ಅದಕ್ಕಿಂತ ಒಳ್ಳೆಯ ಗಂಟಲು. ಆ ವರ್ಷ ಅವರ ಕುರ್ಚಿ ಅಲ್ಲಾಡುತ್ತಿತ್ತು. ಗೋದಾಮಿನ ಶೀಟು ಸೋರುತ್ತದೆಂದು ಸದಸ್ಯರು ಎರಡು ಮಳೆಗಾಲ ಬಡಿದುಕೊಂಡರೂ ರಿಪೇರಿ ಮಾಡಿಸಿರಲಿಲ್ಲ. ನಾವು ಮನೆಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು ಒಣಗಿಸಿ ಅಲ್ಲಿ ತಂದಿಟ್ಟ ಉಂಡೆ ಕೊಬ್ಬರಿಗೆ ಬೂಷ್ಟು ಹಿಡಿದಿತ್ತು. ವಾರ್ಷಿಕ ಸಭೆಯಲ್ಲಿ ಹೊಸ ಅಧ್ಯಕ್ಷರನ್ನು ಆರಿಸುವುದೆಂದು ಊರೆಲ್ಲ ಮಾತಾಡಿಕೊಂಡಿತ್ತು.

ಅಷ್ಟರಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು. ಸಭೆಗೆ ಇನ್ನೆರಡು ದಿನವಿದೆ ಅನ್ನುವಾಗ ಅಧ್ಯಕ್ಷರು ನಮ್ಮ ಜಗುಲಿಗೆ ಬಂದು ಕೂತರು.

"ಮೇಷ್ಟ್ರೇ, ಒಂದ್ ಭಾಷಣ ಬರ್ಕೊಡಿ. ದೇಶದ ಬಗ್ಗೆ. ಕೇಳ್ದೋರ್ ಮೈ ಜುಮ್ ಅನ್ಬೇಕು."

"ಗೋದಾಮಿನ ವಿಚಾರ?"

"ಅದ್ಯಾಕೀಗ ಬುಡಿ."

ಆಗಲೇ ನನಗೆ ವಾಸನೆ ಬಡಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಡಿದಿತ್ತು. ಆದರೆ ನಿವೃತ್ತಿಯಾದ ಮೇಲೆ ನನ್ನ ಕನ್ನಡವನ್ನು ಕೇಳಿಕೊಂಡು ಬಂದವರೇ ಇರಲಿಲ್ಲ, ಉಬ್ಬಿಹೋದೆ. "ಗಡಿಯಲ್ಲಿ ನಮ್ಮ ಮಕ್ಕಳು ಎದೆಯೊಡ್ಡಿ ನಿಂತಿರುವಾಗ ಇಲ್ಲಿ ಕುರ್ಚಿಗಾಗಿ ಕಿತ್ತಾಡುವವರು ಶತ್ರುವಿಗೆ ದಾರಿ ತೋರಿಸುವವರು" ಎಂದು ಬರೆದೆ. ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು.

ಹೊರಡುವಾಗ ಅವರು ಇನ್ನೊಂದು ಚೀಟಿ ಬರೆಸಿಕೊಂಡರು. ಅದು ನಮ್ಮ ಪಕ್ಕದ ಮನೆಯ ಅಕ್ಕನಿಗೆ. ಆಕೆಯ ಒಬ್ಬನೇ ಮಗ ಸೈನ್ಯದಲ್ಲಿದ್ದ. ಆಕೆಯನ್ನು ವೇದಿಕೆಗೆ ಕರೆದು ಸನ್ಮಾನ ಮಾಡಿ, ಮೈಕಿನಲ್ಲಿ ಒಂದು ಮಾತು ಆಡಿಸಬೇಕಂತೆ. "ನನಗೆ ಇನ್ನೊಬ್ಬ ಮಗನಿದ್ದರೆ ಅವನನ್ನೂ ಯುದ್ಧಕ್ಕೆ ಕಳಿಸುತ್ತಿದ್ದೆ" ಎಂದು ಬರೆದುಕೊಟ್ಟೆ. ನಾಲ್ಕು ದಿನದಿಂದ ಮಗನ ಫೋನು ಸಿಗುತ್ತಿಲ್ಲವೆಂದು ಆಕೆ ಅವತ್ತು ಬೆಳಿಗ್ಗೆ ತಾನೇ ನನ್ನ ಹೆಂಡತಿಯ ಮುಂದೆ ಅತ್ತು ಹೋಗಿದ್ದಳು. ಅದು ಗೊತ್ತಿದ್ದೂ ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಭೆಯ ದಿನ ನನ್ನ ವಾಕ್ಯಗಳು ಅಧ್ಯಕ್ಷರ ಗಂಟಲಲ್ಲಿ ಗುಡುಗಿದವು. ಕೆಟ್ಟ ಕೊಬ್ಬರಿಯನ್ನು ತೋರಿಸಲೆಂದೇ ಚೀಲದಲ್ಲಿ ತಂದು ಮುಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯನೊಬ್ಬ ಆ ಚೀಲವನ್ನು ಮೆಲ್ಲಗೆ ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿದ. ಆಮೇಲೆ ಅಕ್ಕನನ್ನು ಕರೆದು ಕೊರಳಿಗೆ ಕೊಬ್ಬರಿ ಹಾರ ಹಾಕಿದರು. ನಮ್ಮ ಕಡೆ ಹೂವಿನ ಹಾರಕ್ಕಿಂತ ಅದಕ್ಕೆ ಮರ್ಯಾದೆ ಹೆಚ್ಚು. ಗಡಿಬಿಡಿಯಲ್ಲಿ ಅದನ್ನು ಗೋದಾಮಿನ ಕೊಬ್ಬರಿಯಿಂದಲೇ ಪೋಣಿಸಿದ್ದರು. ಅಕ್ಕನೋ, ಮದುವೆಯಾಗಿ ಬಂದಾಗಿನಿಂದ ಒಳ್ಳೆಯದು ಕೆಟ್ಟದು ನೋಡಿ ಕೊಬ್ಬರಿ ಆರಿಸುವ ಕೆಲಸ ಮಾಡಿದವಳು. ಮೈಕಿನ ಮುಂದೆ ನಿಂತವಳು ಕೈಯಲ್ಲಿದ್ದ ಚೀಟಿಯನ್ನು ಓದಲಿಲ್ಲ. ಎದೆಯ ಮೇಲಿದ್ದ ಒಂದು ಕೊಬ್ಬರಿಯನ್ನು ಎತ್ತಿ ಮೂಗಿಗೆ ಹಿಡಿದಳು.

"ಇದು ಬೂಷ್ಟು ಹಿಡ್ದೈತೆ ಕಣ್ರೀ."

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಮೈಕು ಕಿತ್ತುಕೊಂಡು, "ಗಡೀಲಿ ಗುಂಡು ಹಾರ್ತಿರೋವಾಗ ಬೂಷ್ಟಿನ ಮಾತಾ ತಾಯಿ?" ಎಂದರು. ಚಪ್ಪಾಳೆ ಬಿತ್ತು. ಕೊಬ್ಬರಿ ಕಳೆದುಕೊಂಡವರೇ ತಟ್ಟಿದರು, ಚೀಲ ತಂದವನೂ ತಟ್ಟಿದ. ಚುನಾವಣೆ ಮುಂದಕ್ಕೆ ಹೋಯಿತು. ಗಡಿ ತಣ್ಣಗಾಗಿ ಎಷ್ಟೋ ದಿನವಾಯಿತು, ಈಗಲೂ ಅವರೇ ಅಧ್ಯಕ್ಷರು. ಶೀಟು ಈಗಲೂ ಸೋರುತ್ತದೆ.

ಅಕ್ಕನ ಮಗ ಫೋನು ಮಾಡಿದ್ದು ಮುಂದಿನ ವಾರ. ಪುಣ್ಯಕ್ಕೆ ಚೆನ್ನಾಗಿದ್ದ. ಆದರೆ ಸಭೆ ಮುಗಿದ ಆ ಹೊತ್ತಿನಲ್ಲಿ ಅದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾರವನ್ನು ವೇದಿಕೆಯ ಮೇಲೇ ಬಿಟ್ಟು ಆಕೆ ನೇರ ನನ್ನ ಹತ್ತಿರ ಬಂದಳು. ಮಗ ಸೈನ್ಯಕ್ಕೆ ಸೇರುವಾಗ ಅರ್ಜಿ ತುಂಬಿಕೊಟ್ಟವನು ನಾನು. ನನ್ನ ಅಕ್ಷರದ ಗುರುತು ಆಕೆಗೆ ಸಿಕ್ಕಿತ್ತು.

"ಇದು ನೀವ್ ಬರ್ದಿದ್ದಲ್ವಾ ಮೇಷ್ಟ್ರೇ?"

ಹೌದೆಂದು ತಲೆಯಾಡಿಸಿದೆ. ಆಕೆ ಚೀಟಿಯನ್ನು ಬಿಡಿಸಿ ನನ್ನ ಕೈಗಿಟ್ಟಳು.

"ಹಂಗಾರೆ ನೀವೇ ಒಂದ್ಸಲ ಓದಿ. ನಿಮ್ ಬಾಯಾಗೇ ಕೇಳ್ತೀನಿ."

ನನಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಅಲ್ಲೇ, ನಾಲ್ಕು ಹೆಜ್ಜೆ ಆಚೆ, ನಗುತ್ತ ಕುರ್ಚಿ ಎತ್ತಿಡುತ್ತಿದ್ದರು. ಆ ಒಂದು ಸಾಲನ್ನು ನನ್ನಿಂದ ಓದಲಾಗಲಿಲ್ಲ.